ಏಪ್ರಿಲ್ ತಿಂಗಳಾಗ ಕಂಡ ಹಸಿರು

ಯಾದಗಿರಿ ಜಿಲ್ಲೆ ಗುರುಮಠಕಲ್ ಕಡೆ ಒಂದು ಊರು. ಅಲ್ಲಿ ಜಲಾನಯನ ಕೆಲಸ ಆಗಿತ್ತು, ಹೊಲಕ್ಕ ಒಡ್ಡು ಹಾಕಿದ್ರು, ನಾಲಾಕ್ಕ ಚೆಕ್ ಡ್ಯಾಂ ಕಟ್ಟಿದ್ರು, ಅದರಿಂದ ಏನು ಫಾಯ್ದಾ ಆಯ್ತು ಅಂತ ಉಪಗ್ರಹದ ಚಿತ್ರ ನೋಡಿ ಹೇಳೋದು ನನ್ನ ಕೆಲಸ. ಏಪ್ರಿಲ್ ಚಿತ್ರದಾಗ ನಾಲಾ ಗುಂಟ ಉದ್ದಕ್ಕ ಹಸಿರು ಪಟ್ಟಿ, ಐದಾರು ವರ್ಷದ ಹಿಂದಿನ ಚಿತ್ರದಾಗ ಅದು ಇರಲಿಲ್ಲ. ಬಾವಿಗೆ ನೀರು ಬಂದದ, ಬ್ಯಾಸಗಿ ಬೆಳಿ ಹಚ್ಯಾರ ಅಂತ ಖುಷಿಯಾಗಿ ಡ್ರಾಫ್ಟ್‌ನಾಗ ಬರದೂ ಬಿಟ್ಟಿದ್ದೆ. ಆಮ್ಯಾಲ ಹೋಗಿ ನೋಡಿದ್ರ ಪೂರಾ ಬಳ್ಳಾರಿ ಜಾಲಿ. ಮುಳ್ಳು ಸರಿಸಿ ಒಳಗ ಹೋಗ್ಲಿಕ್ಕೂ ದಾರಿ ಇಲ್ಲ, ಬುಡದಾಗ ನೆಲ ಬಿರಿದು ಬೆರಳು ಹೋಗುವಷ್ಟು ಸೀಳು. ಅಲ್ಲೇ ಆಡು ಮೇಸ್ತಿದ್ದ ಮುದುಕಿ ಒಬ್ಬಾಕಿ ಹೇಳಿದ್ಲು, "ಇದಕ್ಕ ನೀರು ಇದ್ರೂ ಹಸಿರು, ಇರದಿದ್ರೂ ಹಸಿರು, ಈ ಹೊಲದವರು ಪುಣೆಕ್ಕ ದುಡೀಲಿಕ್ಕೆ ಹೋಗಿ ನಾಕು ವರ್ಷ ಆಯ್ತು, ಬಿತ್ತೇ ಇಲ್ಲ". ಅಂದ್ರ ನಾ ಫಾಯ್ದಾ ಅಂತ ಬರದದ್ದು ಪಾಳು ಬಿದ್ದ ಹೊಲ.

ಇದನ್ನ ಯಾಕ ಹೇಳ್ತಿದ್ದೀನಿ ಅಂದ್ರ, ಈಗ ಯಾವ ಯೋಜನೆ ಇರಲಿ ಎರಡು ಚಿತ್ರ ಪಕ್ಕಪಕ್ಕ ಇಟ್ಟು ಮೊದಲು ಹಿಂಗಿತ್ತು ಈಗ ಹಿಂಗದ ಅಂತ ತೋರಿಸೋ ರೂಢಿ ಬಂದದ. ಎಲೆ ಕೆಂಪು ಬೆಳಕನ್ನ ಹೀರ್ಕೊಂತದ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನ ವಾಪಸ್ ಬಿಡ್ತದ, ಈ ಎರಡರ ವ್ಯತ್ಯಾಸವನ್ನ ಎರಡರ ಮೊತ್ತದಿಂದ ಭಾಗಿಸಿದ್ರ ಬರೋ ನಂಬರಿಗೆ ಎನ್‌ಡಿವಿಐ ಅಂತಾರ, ಹಸಿರು ಹೆಚ್ಚಿದ್ರ ನಂಬರ್ ಹೆಚ್ಚು. ಅದಕ್ಕ ತೊಗರಿನೂ ಎಲೆ, ಜಾಲಿನೂ ಎಲೆ, ಅಫಜಲಪುರದ ಕಬ್ಬೂ ಎಲೆ. ಎರೆ ಭೂಮಿ ಮಳಿಗೆ ತೋಯ್ದು ಕಪ್ಪಗಾದ್ರನೂ ನಂಬರ್ ಸ್ವಲ್ಪ ಏರ್ತದ, ಬೆಳಿ ಅಷ್ಟೇ ಇದ್ರೂ.

ಸೆಂಟಿನೆಲ್-2 ಅಂತ ಯುರೋಪಿನವರ ಉಪಗ್ರಹ, ಮೊದಲ್ನೇದು 2015ರಾಗ ಹೋಯ್ತು, ಎರಡನೇದು 2017ರಾಗ, ಎರಡು ಕೂಡಿದ ಮ್ಯಾಲ ಐದು ದಿನಕ್ಕೊಮ್ಮೆ ಚಿತ್ರ ಸಿಗ್ತದ, ಅದೂ ಪುಕ್ಕಟೆ. ಅದರ ಒಂದು ಪಿಕ್ಸೆಲ್, ಅಂದ್ರ ಚಿತ್ರದಾಗಿನ ಒಂದು ಸಣ್ಣ ಚೌಕ, 10 ಮೀಟರ್ ಉದ್ದ 10 ಮೀಟರ್ ಅಗಲ, ನಮ್ಮ ಲೆಕ್ಕದಾಗ ಹೆಚ್ಚುಕಮ್ಮಿ ಒಂದು ಗುಂಟೆ. ಎಕರೆ ಹೊಲಕ್ಕ 40 ಪಿಕ್ಸೆಲ್, ರೈತರಿಗೆ ಹಿಂಗ ಹೇಳಿದ್ರ ಥಟ್ಟನೆ ತಿಳೀತದ. ಅದೇ ನಾಸಾ ಉಪಗ್ರಹದಾಗಿನ ಮೋಡಿಸ್ ಕ್ಯಾಮೆರಾ ಆದ್ರ 250 ಮೀಟರ್, ಒಂದು ಪಿಕ್ಸೆಲ್‌ಗೆ 15 ಎಕರೆ, ನಾಕು ಮಂದಿ ಹೊಲ, ಹಾದಿ, ಬೇವಿನ ಗಿಡ ಎಲ್ಲಾ ಕಲಸಿ ಒಂದೇ ನಂಬರ್. ಕೃಷಿ ಹೊಂಡ ಸೆಂಟಿನೆಲ್‌ಗೂ ಕಷ್ಟ, ಸಣ್ಣ ಹೊಂಡ ಒಂದು ಪಿಕ್ಸೆಲ್‌ನಷ್ಟೇ, ಅದೂ ನಾಕು ಪಿಕ್ಸೆಲ್‌ನಾಗ ಹಂಚಿ ಹೋಗಿರ್ತದ. ಹೊಂಡ ಹುಡುಕೋದು ಬಿಟ್ಟು ಅದರ ಸುತ್ತಲಿನ ಎರಡು ಎಕರೆ ಆಗಸ್ಟ್‌ನಾಗ ಮಳಿ ಕೈಕೊಟ್ಟ ಹದಿನೈದು ದಿನ ಹ್ಯಾಂಗ ತಡೀತು ಅಂತ ನೋಡೋದು ಛಲೋ.

ಯಾವ ತಿಂಗಳ ಚಿತ್ರ ಅನ್ನೋದರ ಮ್ಯಾಲೇ ಎಲ್ಲಾ ನಿಂತದ. ನಮ್ಮ ತೊಗರಿ ಹೊಲ ತಗೋರಿ. ಜೂನ್ ಜುಲೈದಾಗ ಬಿತ್ತಿಗಿ, ತೊಗರಿ ಮೊದಲೆರಡು ತಿಂಗಳು ಭಾಳ ನಿಧಾನ ಬೆಳೀತದ, ಸಾಲಿನ ನಡುವ ಹಾಕಿದ ಹೆಸರುಕಾಳಿನ ಬೆಳಿ ಮಾತ್ರ ಜೋರು. ಆಗಸ್ಟ್‌ನಾಗ ಚಿತ್ರದಾಗ ಕಾಣೋ ಹಸಿರು ಹೆಸರಿಂದು, ತೊಗರಿದಲ್ಲ. ಎನ್‌ಡಿವಿಐ ನಂಬರನ್ನ ತಿಂಗಳ ಪ್ರಕಾರ ಗೆರಿ ಎಳೆದು ನೋಡಿದ್ರ, ಹೆಸರು ಕಿತ್ತ ಮ್ಯಾಲ ಗೆರಿ ಒಮ್ಮೆ ಕೆಳಗ ಇಳೀತದ, ಮತ್ತ ಅಕ್ಟೋಬರ್ ನವೆಂಬರ್‌ನಾಗ ತೊಗರಿ ಹೂವಿಗೆ ಬರೋ ಹೊತ್ತಿಗೆ ಎರಡನೇ ಗುಡ್ಡ ಏಳ್ತದ, ಡಿಸೆಂಬರ್‌ನಾಗ ಎಲೆ ಉದುರಿ ಇಳೀತದ. 2022ರಾಗ ನೆಟೆ ರೋಗ ಬಿದ್ದು ತೊಗರಿ ಒಣಗಿತ್ತಲ್ಲ, ಅಂಥ ವರ್ಷ ಈ ಎರಡನೇ ಗುಡ್ಡ ಅರ್ಧಕ್ಕೇ ಕುಸೀತದ. ಬರೇ ಆಗಸ್ಟ್ ಚಿತ್ರ ನೋಡಿ ಬರದ್ರ ಆ ವರ್ಷ ಭಾರೀ ಬೆಳಿ ಅಂತ ಬರೀಬೇಕಾಗ್ತದ. ಮತ್ತ ಮುಂಗಾರಿನಾಗ ಮೋಡ ಕವಿದು ಮೂರ್ನಾಕು ವಾರ ಒಂದೂ ಸ್ವಚ್ಛ ಚಿತ್ರ ಸಿಗಲ್ಲ, ಅವಾಗ ಮೋಡದ ಒಳಗಿಂದ ನೋಡೋ ಸೆಂಟಿನೆಲ್-1 ರಾಡಾರ್ ಹಿಡೀಬೇಕು.

ನನ್ನ ಅನುಭವದಾಗ ಒಡ್ಡು ಕೆಲಸ ಮಾಡ್ಯದೋ ಇಲ್ಲೋ ತಿಳಿಯೋದು ಹಸಿರು ಎಷ್ಟು ಎತ್ತರ ಏರ್ತು ಅನ್ನೋದರಿಂದ ಅಲ್ಲ, ಮಳಿ ನಿಂತ ಮ್ಯಾಲ ಎಷ್ಟು ದಿನ ತಡದು ಇಳೀತು ಅನ್ನೋದರಿಂದ. ಹಸಿ ಉಳಿದಿದ್ರ ಕಡ್ಲಿ, ಬಿಳಿಜೋಳ ಡಿಸೆಂಬರ್ ಜನವರಿದಾಗ ತೋರಿಸ್ಕೊಡ್ತಾವ.

ಇನ್ನ ಮಳಿ. 2018 ನಮ್ಮ ಕಡೆ ಬರ, 2020ರ ಅಕ್ಟೋಬರ್‌ನಾಗ ಭೀಮಾ ಉಕ್ಕಿ ಊರಿಗೇ ನೀರು ಹೊಕ್ಕಿತ್ತು. ಈ ಎರಡು ವರ್ಷದ ಚಿತ್ರ ಪಕ್ಕಪಕ್ಕ ಇಟ್ರ ಏನೂ ಮಾಡದ ಊರೂ ಸುಧಾರಿಸಿದಂಗ ಕಾಣ್ತದ. ಅದಕ್ಕ ಯೋಜನೆ ಸಿಗದ ಪಕ್ಕದ ಊರನ್ನೂ ನೋಡಬೇಕು. ಯೋಜನೆ ಊರಾಗ ನಂಬರ್ 0.10 ಏರ್ತು, ಪಕ್ಕದ ಊರಾಗ 0.08 ಏರ್ತು ಅಂದ್ಕೊಳ್ರಿ, ಯೋಜನೆ ಪಾಲಿಗೆ ಉಳಿಯೋದು 0.02, ಉಳಿದದ್ದೆಲ್ಲಾ ಮಳಿರಾಯಂದು. ಆದ್ರ ಪಕ್ಕದ ಊರು ಅಂದ್ರ ಯಾವುದೋ ಊರಲ್ಲ, ಮಣ್ಣು ಅದೇ ಇರಬೇಕು, ಮಳಿ ಅಷ್ಟೇ ಇರಬೇಕು. ನಾರಾಯಣಪುರ ಕಾಲುವೆ ನೀರು ಕುಡಿಯೋ ಶಹಾಪುರದ ಭತ್ತದ ಊರನ್ನ ಒಣ ಬೇಸಾಯದ ಗುರುಮಠಕಲ್ ಊರಿಗೆ ಹೋಲಿಸಿದ್ರ ಅನ್ಯಾಯ. ಅದೇ ನಾಲಾದ ಕೆಳಗಿನ ಊರನ್ನೂ ತಗೋಬ್ಯಾಡ್ರಿ, ಮ್ಯಾಲ ಚೆಕ್ ಡ್ಯಾಂ ತಡದ ನೀರು ಅವರಿಗೆ ಹೋಗಬೇಕಾದದ್ದು ಇರಬಹುದು.

ಯೋಜನೆ ಬರೋಕಿಂತ ಮೊದಲು ಎರಡೂ ಊರು ಒಂದೇ ಥರ ಏರ್ತಾ ಇಳೀತಾ ಇದ್ವಾ ಅನ್ನೋದೂ ನೋಡಬೇಕು, ಉಪಗ್ರಹದ ದೊಡ್ಡ ಶಕ್ತಿ ಇರೋದು ಇಲ್ಲೇ. ಸುಜಲಾ-3 ಅನ್ನೋ ಜಲಾನಯನ ಯೋಜನೆ ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆದಾಗ ನಡೀತು, ವಿಶ್ವಬ್ಯಾಂಕ್ ಮಂಜೂರು ಮಾಡಿದ್ದು 2012ರಾಗ. ಅದಕ್ಕೂ ಮೊದಲು ನಿಮ್ಮ ಹೊಲ ಹ್ಯಾಂಗಿತ್ತು ಅಂತ ಈಗ ರೈತರನ್ನ ಕೇಳಿದ್ರ ಯಾರಿಗೆ ನೆನಪಿರ್ತದ? ಲ್ಯಾಂಡ್‌ಸ್ಯಾಟ್ ಅನ್ನೋ ಅಮೆರಿಕದ ಉಪಗ್ರಹದಾಗ 1984ರಿಂದ 30 ಮೀಟರ್ ಚಿತ್ರ ಕೂತಾವ, ಒಂದು ಪಿಕ್ಸೆಲ್‌ಗೆ ಒಂಬತ್ತು ಗುಂಟೆ, ಸರ್ವೆ ಮಾಡೋದು ಮರೆತ ವರ್ಷದ ಲೆಕ್ಕನೂ ಅದರಾಗ ಅದ.

ರೇಟು ಬಿತ್ತಾ, ಸಾಲ ತೀರ್ತಾ ಇವು ಮ್ಯಾಲಿಂದ ಕಾಣಲ್ಲ, ಮನಿಗೆ ಹೋಗಿ ಕೇಳಬೇಕು. ಯೋಜನೆ ನಡೆಸೋ ಅಧಿಕಾರಿಗಳಿಗೆ, ಸಂಸ್ಥೆಯವರಿಗೆ ನನ್ನ ಕಳಕಳಿಯ ಮಾತು ಒಂದೇ. ನಮ್ಮ ಕೈಗೆ ಬರೋ ಪಟ್ಟಿದಾಗ ಬರೇ ಊರ ಹೆಸರು, ಒಡ್ಡು ಎಷ್ಟು ಮೀಟರ್, ಖರ್ಚು ಎಷ್ಟು ಅಂತಿರ್ತದ. ಊರಂದ್ರ ಸಾವಿರಾರು ಎಕರೆ, ಅದರಾಗ ಕೆಲಸ ಆದ ಹೊಲ ಎಲ್ಲಿ ಅಂತ ಹುಡುಕೋದು? ಒಡ್ಡು ಹಾಕಿದ ದಿನವೇ ಸರ್ವೆ ನಂಬರ್, ಹಿಸ್ಸಾ, ತಾರೀಖು ಬರ್ಕೊಳ್ರಿ, ಮೊಬೈಲ್‌ನಾಗ ಒಡ್ಡಿನ ಎರಡೂ ತುದಿಗೆ ನಿಂತು ಜಿಪಿಎಸ್ ಪಾಯಿಂಟ್ ಹಿಡ್ಕೊಳ್ರಿ. ಹತ್ತು ನಿಮಿಷದ ಕೆಲಸ.