ಚಿತ್ರಭಾನು ಅಂದರೆ 16: ವರ್ಷ ಎಣಿಸುವ ಲೆಕ್ಕ

ಪಾಂಡವಪುರದ ನಮ್ಮಜ್ಜಿ ಹುಟ್ಟಿದ್ದು ಚಿತ್ರಭಾನು ಸಂವತ್ಸರದಲ್ಲಿ. ನಾನೂ ಚಿತ್ರಭಾನು. ಅವರದು 1942, ನನ್ನದು 2002. ಇಸವಿ ಕೇಳಿದರೆ ಅಜ್ಜಿ ತಡವರಿಸುತ್ತಾರೆ, ಸಂವತ್ಸರ ಮಾತ್ರ ಥಟ್ಟನೆ ಹೇಳುತ್ತಾರೆ. ಸ್ಥಾನಬೆಲೆಯ ಪಾಠ ನನಗೆ ಸರಿಯಾಗಿ ತಲೆಗೆ ಹತ್ತಿದ್ದೇ ಇದರಿಂದ.

ಇಸವಿ ನಮಗೆ ಹತ್ತರ ಲೆಕ್ಕ. ಬಿಡಿಯ ಮನೆಯಲ್ಲಿ 9 ಮುಗಿದರೆ 0 ಬರುತ್ತದೆ, ಪಕ್ಕದ ಮನೆಗೆ ಒಂದು ದಾಟುತ್ತದೆ. ಎಂಟರ ಲೆಕ್ಕದಲ್ಲಿ ಬರೆದರೆ 2000ನೇ ಇಸವಿ 3720 ಆಗುತ್ತದೆ. ಆಗ ಯಾರೂ ಪಟಾಕಿ ಹೊಡೆಯುತ್ತಿರಲಿಲ್ಲ, ಅಲ್ವಾ? 2048ಕ್ಕೆ ಕಾಯುತ್ತಿದ್ದರು. ಎಂಟರ ಲೆಕ್ಕದಲ್ಲಿ ಅದು 4000.

ಇನ್ನು ಸಂವತ್ಸರಕ್ಕೆ ಬರೋಣ. ಪ್ರಭವದಿಂದ ಅಕ್ಷಯದವರೆಗೆ 60 ಹೆಸರು, ಆಮೇಲೆ ಮತ್ತೆ ಪ್ರಭವ. ಇದನ್ನು ಅರವತ್ತರ ಲೆಕ್ಕ ಅಂದುಕೊಳ್ಳಿ. ಆದರೆ ಬಿಡಿಯ ಮನೆ ಮಾತ್ರ ಬರೆದಿದೆ, ಪಕ್ಕದ ಮನೆ ಖಾಲಿ. ಅದಕ್ಕೇ ನಾನೂ ಅಜ್ಜಿಯೂ ಒಂದೇ ಹೆಸರಿಗೆ ಬಂದು ನಿಂತೆವು. ಶಾಸನ ಬರೆಸಿದವರು ಶಕವರ್ಷವನ್ನೂ ಸಂವತ್ಸರವನ್ನೂ ಜೊತೆಗೇ ಹಾಕಿಸಿದ್ದರಿಂದ ನಮಗೆ ತುಂಬಾ ಅನುಕೂಲ. ಒಂದನ್ನು ಇನ್ನೊಂದರಿಂದ ತಾಳೆ ನೋಡಬಹುದು.

ತಾಳೆ ನೋಡುವುದು ಹೀಗೆ: ಶಕವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ, ಶೇಷ ನೋಡಿ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆ ಶಕ 1039, ಅಂದರೆ 1117. 1051ನ್ನು ಭಾಗಿಸಿದರೆ ಶೇಷ 31. 31ನೆಯದು ಹೇವಿಳಂಬಿ. ಶಾಸನದಲ್ಲಿ ಇರುವುದೂ ಅದೇ! ಶ್ರೀರಂಗಪಟ್ಟಣ ಬಿದ್ದ 1799ಕ್ಕೆ ಮಾಡಿದರೆ ಶೇಷ 53, ಸಿದ್ಧಾರ್ಥಿ. ಶೇಷ ಸೊನ್ನೆ ಬಂದರೆ ಅಕ್ಷಯ. ಇಸವಿಯಿಂದ ಶಕಕ್ಕೆ ಬರಲು 78 ಕಳೆಯಬೇಕು, ಯುಗಾದಿಗೆ ಮುಂಚಿನ ದಿನವಾದರೆ 79. ನಾನು ಜಾಸ್ತಿ ಸಲ ತಪ್ಪಿದ್ದು ಇಲ್ಲೇ. ಕೆಲವು ಶಾಸನಗಳಲ್ಲಿ ಪೂರ್ತಿ ಮುಗಿದ ವರ್ಷಗಳನ್ನು ಎಣಿಸಿರುತ್ತಾರೆ, ಕೆಲವದರಲ್ಲಿ ನಡೆಯುತ್ತಿರುವ ವರ್ಷ. ಒಂದು ಹೆಚ್ಚುಕಮ್ಮಿ ಬಂದರೆ ಗಾಬರಿ ಬೇಡ.

ನನಗೆ ಬಹಳ ಇಷ್ಟವಾದ ಭಾಗ ಟಿಪ್ಪುವಿನದು. ಸುಮಾರು 1787ರಲ್ಲಿ ಟಿಪ್ಪು ಸುಲ್ತಾನ್ ಹಿಜರಿ ಬಿಟ್ಟು ಮೌಲೂದಿ ಅನ್ನುವ ತನ್ನದೇ ಹೊಸ ಶಕೆ ತಂದ. ಹಿಜರಿ 1201 ಆದ ಮೇಲೆ ನೇರ 1215. ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಕೆತ್ತಿಸಿದ, ಗೊತ್ತಿಲ್ಲದೆ ಓದಿದರೆ 5121 ಅನ್ನಿಸುತ್ತದೆ. 60 ವರ್ಷದ ಚಕ್ರವನ್ನು ಮಾತ್ರ ಬಿಡಲಿಲ್ಲ, ಹೆಸರುಗಳನ್ನಷ್ಟೇ ಬದಲಿಸಿದ. ಒಂದೊಂದು ಅರಬ್ಬಿ ಅಕ್ಷರಕ್ಕೂ ಒಂದೊಂದು ಬೆಲೆ. ಮೊದಲ ಎರಡು ವರ್ಷ ಬಿಟ್ಟರೆ, ಹೆಸರಿನ ಅಕ್ಷರಗಳ ಬೆಲೆ ಕೂಡಿಸಿದರೆ ಅದು ಎಷ್ಟನೇ ವರ್ಷ ಅಂತ ಸಿಗುತ್ತದೆ.

ಚಿತ್ರಭಾನು ಅನ್ನುವ ಹೆಸರಿನೊಳಗೆ 16 ಇಲ್ಲ. ಅದಕ್ಕೆ ಬಾಯಿಪಾಠವೇ ಬೇಕು. ಅಜ್ಜಿ ಪ್ರಭವ, ವಿಭವ, ಶುಕ್ಲ ಅಂತ ಬೆರಳಿಗೆ ಮೂರು ಗೆರೆಯಂತೆ ಎಣಿಸುತ್ತಾ ಹೋಗುತ್ತಾರೆ. ಒಂದು ಕೈ ಮುಗಿದು ಇನ್ನೊಂದು ಕೈಯ ಮೊದಲ ಗೆರೆ ಮುಟ್ಟಿದಾಗ ಚಿತ್ರಭಾನು ಬರುತ್ತದೆ.