ಯಕ್ಷಗಾನದ ವಿಡಿಯೋ ಯಾರದ್ದು? ಈ ಜಗಳ ಯೂಟ್ಯೂಬ್‌ಗಿಂತ ಹಳೆಯದು

ಈಗ ಯಕ್ಷಗಾನ ಬಯಲಾಟಕ್ಕೆ ಹೋದರೆ ರಂಗಸ್ಥಳದ ಎದುರು ಮೊದಲು ಕಾಣುವುದು ಜನ ಅಲ್ಲ, ಟ್ರೈಪಾಡು. ಹಾಡುವ ಭಾಗವತರು ಪದ್ಯ ಎತ್ತಿದ ಕೂಡಲೇ ಮೊಬೈಲುಗಳು ಮೇಲೇಳುತ್ತವೆ. ಬೆಳಗಾಗುವಷ್ಟರಲ್ಲಿ ಅದೇ ಪದ್ಯ ನಾಲ್ಕೈದು ಚಾನೆಲ್‌ಗಳಲ್ಲಿ ಇರುತ್ತದೆ. ಆಮೇಲೆ ಒಬ್ಬರ ವಿಡಿಯೋ ಮೇಲೆ ಇನ್ನೊಬ್ಬರ ಕಾಪಿರೈಟ್ ಸ್ಟ್ರೈಕ್, ಅಂದರೆ ಹಕ್ಕು ನನ್ನದೆಂಬ ದೂರಿನ ಮೇಲೆ ಯೂಟ್ಯೂಬ್ ಹಾಕುವ ಶಿಕ್ಷೆ. ಇಬ್ಬರೂ ಆ ಪದ್ಯ ಬರೆದವರಲ್ಲ, ಹಾಡಿದವರೂ ಅಲ್ಲ!

ಮೊದಲು ಈ ತಕರಾರು ಇರಲಿಲ್ಲ. ಪ್ರಸಂಗ, ಅಂದರೆ ಆಟದ ಕಥೆಯ ಪದ್ಯಗಳ ಕಟ್ಟು, ಕೈಬರಹದಲ್ಲಿ ಊರೂರು ಸುತ್ತುತ್ತಿತ್ತು, ಬೇಕಾದವರು ಬರೆದುಕೊಳ್ಳುತ್ತಿದ್ದರು. 1957ರಲ್ಲಿ ಕಾಪಿರೈಟ್ ಕಾಯ್ದೆ ಬಂತು, ಡೇರೆ ಹಾಕಿ ಆಡುವ ಮೇಳಗಳು (ತಂಡಗಳು) ಟಿಕೆಟ್ ಇಟ್ಟು ಹೊಸ ಹೊಸ ಪ್ರಸಂಗ ಆಡಿದವು, ಕ್ಯಾಸೆಟ್ ಬಂತು, 1994ರ ತಿದ್ದುಪಡಿಯಲ್ಲಿ ಹಾಡುವವರಿಗೂ ಕುಣಿಯುವವರಿಗೂ ಅಂತ ಒಂದು ಹಕ್ಕು ಸಿಕ್ಕಿತು. ಕಲಾವಿದರು ವೇಷ ಕಟ್ಟುವ ಚೌಕಿಯಲ್ಲಿ ಇದನ್ನೆಲ್ಲ ಮಾತಾಡಿದವರು ಕಡಿಮೆ.

ಮಾತು ಶುರುವಾದದ್ದು ಶಿವರಾಮ ಕಾರಂತರ ನಂತರ. ಕಾರಂತರು ಯಕ್ಷಗಾನವನ್ನು ಬ್ಯಾಲೆ ರೂಪಕ್ಕೆ ತಂದು ಹೊಸ ಬಗೆಯ ಕುಣಿತ, ವೇಷಭೂಷಣ ಕಟ್ಟಿದ್ದರು. 1994ರಲ್ಲಿ ಉಯಿಲು ಬರೆದರು, 1997ರ ಡಿಸೆಂಬರ್‌ನಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಆಡಿಸಿತು. ಉಯಿಲಿನ ಪ್ರಕಾರ ಹಕ್ಕು ತಮ್ಮದು ಎಂದವರು ಕೋರ್ಟಿಗೆ ಹೋದರು.

ಅಭಿಮನ್ಯುವಿನ ಕಥೆ ಯಾರಪ್ಪನ ಸ್ವತ್ತೂ ಅಲ್ಲ, ಅಲ್ವಾ? ಹಾಗಾಗಿ ಜಗಳ ಕಥೆಯದ್ದಲ್ಲ. ಕಾರಂತರು ಕಟ್ಟಿದ ರೂಪದ್ದು. ಉಯಿಲಿನಲ್ಲಿ ಪುಸ್ತಕಗಳ ಮಾತು ಇತ್ತು. ಕುಣಿತವೂ ಅದರಲ್ಲಿ ಸೇರುತ್ತದಾ? ಕೇಸು ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತನಕ ಹೋಯಿತು. 2009ರಲ್ಲಿ ತೀರ್ಪು ಬಂತು. ಬ್ಯಾಲೆ ‘ಸಾಹಿತ್ಯ ಕೃತಿ’ ಅಲ್ಲ, ‘ನಾಟಕ ಕೃತಿ’. ಹಾಗಿದ್ದರೂ ಉಯಿಲಿನಲ್ಲಿ ‘ಉಳಿದದ್ದೆಲ್ಲ’ ಎಂದು ಬಿಟ್ಟುಕೊಟ್ಟ ಪಾಲಿನಲ್ಲಿ ಅದೂ ಬಂತು ಎಂದಿತು ಕೋರ್ಟು. ಜೊತೆಗೆ ಒಂದು ಕಿಟಕಿಯನ್ನೂ ತೆರೆದಿಟ್ಟಿತು: ಶಾಲೆ ಕಾಲೇಜಿನವರು ತಮ್ಮ ಚಟುವಟಿಕೆಯ ಭಾಗವಾಗಿ ಆಡಿದರೆ, ಹವ್ಯಾಸಿ ಸಂಘದವರು ಪುಕ್ಕಟೆ ನೋಡುವ ಜನರೆದುರು ಆಡಿದರೆ, ಕಾಯ್ದೆಯ 52ನೇ ಸೆಕ್ಷನ್‌ನ ರಿಯಾಯಿತಿ ಇದೆ.

ಬಯಲಾಟಕ್ಕೆ ಈ ರಿಯಾಯಿತಿ ಹಾಕಿ ನೋಡಿ. ನೋಡುವವರು ದುಡ್ಡು ಕೊಡುವುದಿಲ್ಲ, ಸರಿ. ಆದರೆ ಮೇಳ ಹವ್ಯಾಸಿ ಅಲ್ಲ, ಆಟ ಆಡಿಸುತ್ತೇನೆಂದು ಹರಕೆ ಹೊತ್ತವರು ಮೇಳಕ್ಕೆ ದುಡ್ಡು ಕೊಟ್ಟಿರುತ್ತಾರೆ. ಕಾಯ್ದೆ ಬರೆದವರ ಕಣ್ಣಿಗೆ ಹರಕೆ ಆಟ ಬಿದ್ದಂತಿಲ್ಲ. ಹಳೇ ಕಾಲದ ಪ್ರಸಂಗಕವಿ ಪಾರ್ತಿಸುಬ್ಬನ ಪದ್ಯವಾದರೆ ತಲೆಬಿಸಿ ಇಲ್ಲ, ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕು ಮುಗಿಯುತ್ತದೆ. ತೊಂದರೆ ಬರುವುದು ಹೊಸ ಪ್ರಸಂಗಗಳಿಗೆ. ಅದರಲ್ಲೂ ಅರ್ಥಗಾರಿಕೆಗೆ. ವೇಷಧಾರಿ ನಿಂತಲ್ಲೇ ಕಟ್ಟುವ ಮಾತು ಅದು. ಬರೆದಿಟ್ಟದ್ದಲ್ಲ, ನಾಳೆ ಹಾಗೇ ಬರುವುದೂ ಇಲ್ಲ. ಅದನ್ನು ಹಿಡಿದಿಟ್ಟದ್ದು ಮೊಬೈಲು ಮಾತ್ರ.

ಹಾಗಂತ ಮೊಬೈಲಿನವನು ಮಾತಿನ ಒಡೆಯ ಆಗುವುದಿಲ್ಲ. ಸ್ವಂತಕ್ಕೆ ನೋಡಲು, ಕಲಿಯಲು ರೆಕಾರ್ಡ್ ಮಾಡಿಕೊಂಡರೆ ಕಾಯ್ದೆಯ ಅಡ್ಡಿ ಇಲ್ಲ. ಕಲಾವಿದರನ್ನು ಕೇಳದೆ ಅದನ್ನೇ ಎಲ್ಲರಿಗೂ ಹಂಚುವುದು ಬೇರೆ ಮಾತು. ಯೂಟ್ಯೂಬ್‌ಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಅದು ನೋಡುವುದು ದೂರು ಕೊಟ್ಟವರು ಯಾರು ಅಂತ. 90 ದಿನಗಳಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಪ್ರತಿದೂರು ಕೊಡಲು ದಾರಿ ಇದೆ. ಆದರೆ ಹೆಸರು, ವಿಳಾಸ ಬರೆದುಕೊಡಬೇಕು, ಎದುರಿನವರು ಕೋರ್ಟಿಗೆ ಹೋದರೆ ಎದುರಿಸಬೇಕು. ಆಟದ ಹುಚ್ಚಿಗೆ ವಿಡಿಯೋ ಹಾಕುವ ಹುಡುಗರು ಅಷ್ಟು ದೂರ ಹೋಗುವುದಿಲ್ಲ. ಸುಮ್ನೆ ಡಿಲೀಟ್ ಮಾಡುತ್ತಾರೆ.

ಈಗ ಹರಕೆಯವರೇ ಕ್ಯಾಮೆರಾದವರನ್ನು ಕರೆಸಿ ಲೈವ್ ಹಾಕಿಸುವುದು ಜಾಸ್ತಿಯಾಗಿದೆ. ಮೇಳಕ್ಕೆ ವೀಳ್ಯ ಕೊಟ್ಟು ಆಟ ಗೊತ್ತು ಮಾಡುವಾಗ ದಿನ, ಪ್ರಸಂಗ, ಹಣ, ಊಟ ಎಲ್ಲವೂ ಮಾತಾಗುತ್ತದೆ. ಬೆಳಗ್ಗೆ ವಿಡಿಯೋ ಯಾರದ್ದು ಅನ್ನುವುದೊಂದು ಬಿಟ್ಟು.