ಆಕ್ಯುರೆಸಿ, ಪ್ರಿಸಿಷನ್, ಮಾಸ್, ವೇಟ್: ಅಳತೆಯ ಪದಗಳನ್ನು ಬಿಡಿಸಿ ನೋಡೋಣ

ಆಕ್ಯುರೆಸಿ, ಪ್ರಿಸಿಷನ್ ಎರಡಕ್ಕೂ ನಾವು ‘ನಿಖರತೆ’ ಎಂದೇ ಬರೆದುಕೊಂಡಿರುತ್ತೇವೆ. ದಿನದ ಮಾತಿಗೆ ಅಷ್ಟು ಸಾಕು. ಪ್ರಯೋಗದ ಲೆಕ್ಕಕ್ಕೆ ಸಾಲದು.

ಒಂದು ಸರಳಿನ ವ್ಯಾಸ 20.0 ಮಿಲಿಮೀಟರ್ ಎಂದು ಮೊದಲೇ ಗೊತ್ತಿದೆ ಎಂದುಕೊಳ್ಳಿ. ಒಬ್ಬರು ನಾಲ್ಕು ಸಲ ಅಳೆದಾಗ 20.3, 20.2, 20.3, 20.4 ಬಂತು. ಇನ್ನೊಬ್ಬರಿಗೆ 19.7, 20.3, 19.9, 20.1 ಬಂತು. ಮೊದಲನೆಯವರ ಅಳತೆಗಳು ಒಂದಕ್ಕೊಂದು ಹತ್ತಿರ ಇವೆ. ಇದೇ ಪ್ರಿಸಿಷನ್. ಆದರೆ ಸರಾಸರಿ 20.3, ನಿಜವಾದ ಬೆಲೆಯಿಂದ ದೂರ. ಎರಡನೆಯವರ ಅಳತೆಗಳು ಚದುರಿವೆ, ಸರಾಸರಿ ಮಾತ್ರ ಸರಿಯಾಗಿ 20.0. ನಿಜವಾದ ಬೆಲೆಗೆ ಎಷ್ಟು ಹತ್ತಿರ ಎನ್ನುವುದೇ ಆಕ್ಯುರೆಸಿ.

ಹಾಗಾದರೆ ಮೊದಲನೆಯವರು ತಪ್ಪಿದ್ದೆಲ್ಲಿ? ಬಹುಶಃ ಅವರ ವರ್ನಿಯರ್ ಕ್ಯಾಲಿಪರ್‌ನಲ್ಲೇ (ದವಡೆಗಳ ನಡುವೆ ವಸ್ತುವನ್ನು ಹಿಡಿದು ಅಳೆಯುವ ಉಪಕರಣ) 0.3 ಮಿಲಿಮೀಟರ್ ಝೀರೋ ಎರರ್ ಇದೆ, ಅಂದರೆ ದವಡೆ ಮುಚ್ಚಿದಾಗಲೂ ಅದು ಸೊನ್ನೆ ತೋರಿಸುವುದಿಲ್ಲ. ಎಲ್ಲ ಅಳತೆಗಳನ್ನೂ ಒಂದೇ ಕಡೆಗೆ ಎಳೆಯುವ ಇಂಥ ದೋಷ ಸಿಸ್ಟಮ್ಯಾಟಿಕ್ ಎರರ್. ಎರಡನೆಯವರದು ರ‍್ಯಾಂಡಮ್ ಎರರ್, ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ. ಹಲವು ಸಲ ಅಳೆದು ಸರಾಸರಿ ತೆಗೆದರೆ ರ‍್ಯಾಂಡಮ್ ಎರರ್ ತಗ್ಗುತ್ತದೆ. ಸಿಸ್ಟಮ್ಯಾಟಿಕ್ ಎರರ್ ನೂರು ಸಲ ಅಳೆದರೂ ಹಾಗೇ ಉಳಿಯುತ್ತದೆ. ಇಡೀ ಪಾಠದಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ಇದೇ.

ಝೀರೋ ಎರರ್ ನೋಡಲು ಕ್ಯಾಲಿಪರ್‌ನ ದವಡೆಗಳನ್ನು ಪೂರ್ತಿ ಮುಚ್ಚಿ. ವರ್ನಿಯರ್‌ನ (ಜಾರುವ ಚಿಕ್ಕ ಸ್ಕೇಲಿನ) ಸೊನ್ನೆ ಮುಖ್ಯ ಸ್ಕೇಲಿನ ಸೊನ್ನೆಯ ಬಲಕ್ಕಿದ್ದು, ಅದರ ಮೂರನೇ ಗೆರೆ ಮುಖ್ಯ ಸ್ಕೇಲಿನ ಯಾವುದಾದರೂ ಗೆರೆಯೊಂದಿಗೆ ಕೂಡಿದರೆ ದೋಷ +0.3 ಮಿಲಿಮೀಟರ್. ಅದನ್ನು ಅಳತೆಯಿಂದ ಕಳೆಯಬೇಕು. ಸೊನ್ನೆ ಎಡಕ್ಕೆ ಸರಿದಿದ್ದರೆ ಎಚ್ಚರ: ಏಳನೇ ಗೆರೆ ಕೂಡಿದೆ ಎಂದು −0.7 ಬರೆಯಬೇಡಿ. 10ರಿಂದ 7 ಕಳೆದರೆ 3, ಆದ್ದರಿಂದ ದೋಷ −0.3. ಅಂದರೆ ಅಳತೆಗೆ 0.3 ಕೂಡಿಸಬೇಕು.

ಒಂದು ಗೆರೆಗೆ 0.1 ಮಿಲಿಮೀಟರ್ ಎಂಬ ಈ ಲೆಕ್ಕ ಲೀಸ್ಟ್ ಕೌಂಟ್‌ನಿಂದ ಬಂದದ್ದು. ಉಪಕರಣ ಓದಬಲ್ಲ ಅತಿ ಚಿಕ್ಕ ಅಳತೆ ಅದು. ಸಾಮಾನ್ಯ ವರ್ನಿಯರ್‌ನ 10 ಭಾಗಗಳು ಮುಖ್ಯ ಸ್ಕೇಲಿನ 9 ಮಿಲಿಮೀಟರ್‌ಗೆ ಸಮ. ಒಂದೊಂದು ಭಾಗ 0.9, ಮುಖ್ಯ ಸ್ಕೇಲಿನ 1 ಮಿಲಿಮೀಟರ್‌ಗೂ ಅದಕ್ಕೂ ವ್ಯತ್ಯಾಸ 0.1. ಪಿಚ್ (ಒಂದು ಸುತ್ತಿಗೆ ಸ್ಕ್ರೂ ಸರಿಯುವ ದೂರ) 1 ಮಿಲಿಮೀಟರ್, ತಿರುಗುವ ಸ್ಕೇಲಿನಲ್ಲಿ 100 ಭಾಗಗಳಿರುವ ಸ್ಕ್ರೂ ಗೇಜ್‌ನಲ್ಲಿ ಇದು 0.01.

ಮಾಸ್ ಎಂದರೆ ದ್ರವ್ಯರಾಶಿ, ಕಿಲೋಗ್ರಾಂನಲ್ಲಿ. ವೇಟ್ ಎಂದರೆ ಗುರುತ್ವ ಎಳೆಯುವ ಬಲ, ನ್ಯೂಟನ್‌ನಲ್ಲಿ. 60 ಕಿಲೋಗ್ರಾಂ ಮಾಸ್ ಇರುವವರ ವೇಟ್ ಭೂಮಿಯ ಮೇಲೆ ಸುಮಾರು 588 ನ್ಯೂಟನ್, ಚಂದ್ರನ ಮೇಲೆ ಸುಮಾರು 97. ಮಾಸ್ ಎರಡೂ ಕಡೆ 60. ಸ್ಪ್ರಿಂಗ್ ತಕ್ಕಡಿ ಚಂದ್ರನ ಮೇಲೆ ಕಡಿಮೆ ತೋರಿಸುತ್ತದೆ. ಎರಡು ತಟ್ಟೆಯ ತಕ್ಕಡಿ ಹಾಗಲ್ಲ, ಎರಡೂ ತಟ್ಟೆಗಳ ಎಳೆತ ಒಂದೇ ಪ್ರಮಾಣದಲ್ಲಿ ತಗ್ಗುತ್ತದೆ ಅಲ್ವಾ?

ಸ್ಪೀಡ್ ಎಂದರೆ ಜವ, ವೆಲಾಸಿಟಿ ಎಂದರೆ ವೇಗ. ವೇಗಕ್ಕೆ ದಿಕ್ಕು ಬೇಕು. 400 ಮೀಟರ್ ಟ್ರ್ಯಾಕನ್ನು 80 ಸೆಕೆಂಡಿನಲ್ಲಿ ಒಂದು ಸುತ್ತು ಓಡಿದರೆ ಸರಾಸರಿ ಜವ ಸೆಕೆಂಡಿಗೆ 5 ಮೀಟರ್. ಹೊರಟಲ್ಲಿಗೇ ಬಂದದ್ದರಿಂದ ಸರಾಸರಿ ವೇಗ ಸೊನ್ನೆ.

ಪವರ್ (ಸೆಕೆಂಡಿಗೆ ಎಷ್ಟು ಎನರ್ಜಿ ಎಂಬುದು), ಎನರ್ಜಿ (ಶಕ್ತಿ) ಜೋಡಿಯಲ್ಲಿ ಯೂನಿಟ್ ನೋಡಿದರೆ ಸಾಕು. ವ್ಯಾಟ್ ಪವರ್‌ಗೆ, ಜೌಲ್ ಎನರ್ಜಿಗೆ. ಕಿಲೋವ್ಯಾಟ್ ಅವರ್ ಹೆಸರಲ್ಲಿ ವ್ಯಾಟ್ ಇದ್ದರೂ ಅದು ಎನರ್ಜಿಯೇ: 1000 ವ್ಯಾಟ್ ಅನ್ನು 3600 ಸೆಕೆಂಡಿನಿಂದ ಗುಣಿಸಿ, 36 ಲಕ್ಷ ಜೌಲ್ ಸಿಗುತ್ತದೆ.